ಕ್ಯಾಲ್ಸಿಯಂ ರಿಯಾಕ್ಟರ್: ಯಂತ್ರ ಪಾಸು, ಪೈಪು ನಪಾಸು

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು ನಾಲ್ಕು ವರ್ಷಗಳಾದವು. ಗಾಜಿನ ತೊಟ್ಟಿ ಮತ್ತು ಅದರ ಸ್ಟ್ಯಾಂಡಿನೊಳಗಿನ ಸಂಪ್ ಎರಡೂ ಸೇರಿ ಅದರಲ್ಲಿ 300 ಲೀಟರ್ ನೀರಿದೆ. ಸಂಪ್ ಎಂದೊಡನೆ ನಮ್ಮವರಿಗೆ ಅಂಗಳದ ನೆಲದಡಿಯ ನೀರಿನ ಟಾಕಿ ನೆನಪಾಗುತ್ತದೆ. ಇಲ್ಲಿ ಅದು ಮೇಲಿನ ತೊಟ್ಟಿಯಿಂದ ಇಳಿದ ನೀರು ಶುದ್ಧವಾಗಿ ಮತ್ತೆ ಮೇಲೇರುವ ಕೆಳಗಿನ ಗಾಜಿನ ಪೆಟ್ಟಿಗೆ. ಕಳೆದ ಜೂನ್‌ನಲ್ಲಿ ಈ ಸಂಪಿನ ಪಕ್ಕಕ್ಕೆ ಒಂದು ಕ್ಯಾಲ್ಸಿಯಂ ರಿಯಾಕ್ಟರ್, ಎಂದರೆ ತೊಟ್ಟಿಯ ಹವಳಗಳಿಗೆ ಬೇಕಾದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ನೀರಿಗೆ ಒದಗಿಸುವ ಯಂತ್ರ, ಬಂದು ಕುಳಿತಿತು. ಹತ್ತು ತಿಂಗಳು ಅದರೊಂದಿಗೆ ಏಗಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ತಯಾರಿಸಿದ ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಾನು ಎಣಿಸಲಿರುವ ದೋಷಗಳು ನನ್ನ ಕೈಗೆ ಬಂದ ಒಂದು ಪೆಟ್ಟಿಗೆಯವು. ಈ ಬಗೆಯ ಯಾವ ರಿಯಾಕ್ಟರನ್ನು ಕೊಂಡವರಿಗೂ ಒದಗುವ ತೊಡಕುಗಳ ಮಾತೇ ಇಲ್ಲಿ ಹೆಚ್ಚಾಗಿದೆ. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಯಂತ್ರ ಒಳ್ಳೆಯದು, ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಅದಕ್ಕೆ ನೀರು ತರುವ, ಅದರಿಂದ ನೀರು ಒಯ್ಯುವ ಪೈಪುಗಳ ಬಗ್ಗೆ ತಯಾರಕರು ವಹಿಸಿದ ಉದಾಸೀನ ಕ್ಷಮಿಸುವಂಥದ್ದಲ್ಲ.

ರಿಯಾಕ್ಟರಿನ ಅವಶ್ಯಕತೆ ಯಾಕೆ ಬಂತು ಎಂಬುದನ್ನು ಚಿಕ್ಕದಾಗಿ ಹೇಳಬೇಕು. ಕಲ್ಲು ಕಟ್ಟುವ ಹವಳಗಳು ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಹೀರಿ ತಮ್ಮ ಅಸ್ಥಿಯನ್ನು ಬೆಳೆಸುತ್ತವೆ. ಸಮುದ್ರಕ್ಕೆ ಅದು ಲೆಕ್ಕಕ್ಕೇ ಬಾರದ ಖರ್ಚು. 300 ಲೀಟರಿನ ತೊಟ್ಟಿಗೆ ದೊಡ್ಡ ಖರ್ಚು. ನನ್ನ ಅಕ್ರೋಪೋರಾ ಮತ್ತು ಮಾಂಟಿಪೋರಾ ಹವಳಗಳು ಚೆನ್ನಾಗಿ ಬೇರೂರಿದ ಮೇಲೆ ನೀರಿನ ಕ್ಷಾರತೆ (ಕರಗಿರುವ ಕಾರ್ಬೊನೇಟಿನ ಮಟ್ಟ; ಡಿಕೆಎಚ್ ಅದನ್ನು ಅಳೆಯುವ ಮಾನ) ದಿನಕ್ಕೆ 1 ಡಿಕೆಎಚ್‌ನಷ್ಟು ಇಳಿಯತೊಡಗಿತು, ಅದರ ಜೊತೆಗೆ ಕ್ಯಾಲ್ಸಿಯಂ ಸುಮಾರು 7 ಪಿಪಿಎಂ, ಎಂದರೆ ಹತ್ತು ಲಕ್ಷದಲ್ಲಿ 7 ಭಾಗ. ಅದನ್ನು ತುಂಬಲು ಪ್ರತಿ ರಾತ್ರಿ ಊಟದ ನಂತರ 9 ಗ್ರಾಂ ಅಡುಗೆ ಸೋಡಾವನ್ನೂ ಸುಮಾರು 8 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡನ್ನೂ ಬೇರೆ ಬೇರೆ ಕರಗಿಸಿ ಸುರಿಯುತ್ತಿದ್ದೆ. ಈ ಕ್ರಮದಲ್ಲಿ ಹವಳ ತನಗೆ ಬೇಕಾದುದನ್ನು ತೆಗೆದುಕೊಂಡ ಮೇಲೆ ಉಳಿಯುವುದು ಸಾದಾ ಉಪ್ಪು. ನನ್ನ ಲೆಕ್ಕದಲ್ಲಿ ಅದು ತಿಂಗಳಿಗೆ 190 ಗ್ರಾಂ. ಹೀಗಾಗಿ ಉಪ್ಪಿನಂಶ ಸದ್ದಿಲ್ಲದೆ ಏರುತ್ತಿತ್ತು. ಇದೆಲ್ಲವನ್ನೂ ಸಹಿಸಿಕೊಂಡಿದ್ದೆನಾದರೂ ವಿಜಯಪುರದಲ್ಲಿ ಸಂಬಂಧಿಕರ ಮದುವೆಗೆಂದು ಹೋಗಿ ಮೂರು ದಿನ ಉಳಿದು ಬಂದಾಗ ಕ್ಷಾರತೆ 8.2ರಿಂದ 5.4ಕ್ಕೆ ಕುಸಿದು, ಎರಡು ಅಕ್ರೋಪೋರಾ ಕೊಂಬೆಗಳು ತುದಿಯಿಂದ ಬಿಳಿಚಿಕೊಂಡಿದ್ದವು. ಅಂದೇ ರಿಯಾಕ್ಟರ್ ತರಿಸುವುದೆಂದು ನಿಶ್ಚಯವಾಯಿತು.

ಅದು ಕೆಲಸ ಮಾಡುವ ಬಗೆಯನ್ನು ತಿಳಿಯಲು ಶಾಲೆಯ ಒಂದು ಪ್ರಯೋಗ ಸಾಕು. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದರೆ ನೀರು ಹಾಲಿನಂತಾಗುತ್ತದೆ ಎಂಬುದು ಎಲ್ಲರಿಗೂ ನೆನಪಿರುತ್ತದೆ; ಊದುವುದನ್ನು ನಿಲ್ಲಿಸದಿದ್ದರೆ ಅದೇ ನೀರು ಮತ್ತೆ ತಿಳಿಯಾಗುತ್ತದೆ ಎಂಬುದು ಬಹುಪಾಲು ಜನರಿಗೆ ಮರೆತುಹೋಗಿರುತ್ತದೆ. ಮೊದಲು ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಉಂಟಾಗಿ ನೀರು ಬೆಳ್ಳಗಾಗುತ್ತದೆ, ಆಮೇಲೆ ಹೆಚ್ಚಿನ ಇಂಗಾಲದ ಡೈಆಕ್ಸೈಡ್ ಅದನ್ನು ಕರಗುವ ಬೈಕಾರ್ಬೊನೇಟ್ ಆಗಿಸುತ್ತದೆ. ರಿಯಾಕ್ಟರ್ ಎಂದರೆ ಈ ಪ್ರಯೋಗದ ಎರಡನೆಯ ಅರ್ಧ. ಅಕ್ರಿಲಿಕ್ ಕೊಳವೆಯೊಂದರಲ್ಲಿ ಅರಗೊನೈಟ್ ಎಂಬ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳನ್ನು ತುಂಬಿ, ತೊಟ್ಟಿಯ ನೀರನ್ನು ಅದರೊಳಗೆ ಪಂಪಿನಿಂದ ಸುತ್ತಿಸುತ್ತಾ, ಇಂಗಾಲದ ಡೈಆಕ್ಸೈಡನ್ನು ಗುಳ್ಳೆಗುಳ್ಳೆಯಾಗಿ ಬಿಡುತ್ತಾರೆ. ಒಳಗಿನ ಪಿಎಚ್ 6.6ರ ಆಸುಪಾಸಿಗೆ ಇಳಿದು ನೀರು ತುಸು ಹುಳಿಯಾದಾಗ ಹರಳು ನಿಧಾನವಾಗಿ ಕರಗುತ್ತದೆ, ಕರಗಿದ ನೀರು ಹನಿಹನಿಯಾಗಿ ಸಂಪಿಗೆ ಬೀಳುತ್ತದೆ. ಹವಳ ಯಾವ ಪ್ರಮಾಣದಲ್ಲಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಒಯ್ದಿತ್ತೋ ಅದೇ ಪ್ರಮಾಣದಲ್ಲಿ ಅವು ಮರಳಿ ಬರುತ್ತವೆ, ಹೆಚ್ಚಿನ ಉಪ್ಪು ಉಳಿಯುವುದಿಲ್ಲ.

ಇನ್ನು ಪೆಟ್ಟಿಗೆಯ ವಿಚಾರ. ಅಕ್ರಿಲಿಕ್ ದಪ್ಪವಾಗಿದೆ, ಅಂಟಿಸಿದ ಜಾಗಗಳಲ್ಲಿ ಗುಳ್ಳೆಯಿಲ್ಲ, ಮೇಲಿನ ಮುಚ್ಚಳ ಕೈಯಿಂದಲೇ ತಿರುಗಿಸಿ ತೆಗೆಯುವಂತಿದೆ. ಒಳಗೆ ನೀರು ಸುತ್ತಿಸುವ ಪಂಪು ಎಷ್ಟು ಮೌನಿಯೆಂದರೆ, ಅದು ಓಡುತ್ತಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಬೇಕು. ಮೇಲ್ಭಾಗದಲ್ಲಿ ಶೇಖರವಾಗುವ ಗಾಳಿಯನ್ನು ಮತ್ತೆ ಪಂಪಿನ ಬಾಯಿಗೆ ಎಳೆದುಕೊಳ್ಳುವ ಸಣ್ಣ ಕೊಳವೆಯೂ ಇದೆ, ಅದು ನಿಜಕ್ಕೂ ಬುದ್ಧಿವಂತಿಕೆಯ ಕೆಲಸ. ಅದಿಲ್ಲದ ರಿಯಾಕ್ಟರುಗಳಲ್ಲಿ ಪಂಪು ಗಾಳಿ ನುಂಗಿ ಗೊರಗೊರ ಎನ್ನುತ್ತದೆ. ಪಿಎಚ್ ಅಳೆಯುವ ಪ್ರೋಬ್ ಇಳಿಬಿಡುವ ರಂಧ್ರ ಸರಿಯಾದ ಅಳತೆಯದು. ಇಷ್ಟು ಮೆಚ್ಚುಗೆ. ಜೊತೆಗೆ ಬಂದ ಕೈಪಿಡಿ ಮಾತ್ರ ಮಡಚಿದ ಒಂದೇ ಹಾಳೆ. ಅದರಲ್ಲಿ ರಿಯಾಕ್ಟರಿನ ಭಾಗಗಳಿಗೆ ಬಾಣ ಹಾಕಿ ಹೆಸರು ಬರೆದಿದ್ದಾರೆ, ನೀರು ಎಲ್ಲಿಂದ ಬರಬೇಕು, ಎಷ್ಟು ಬರಬೇಕು, ಯಾವ ಅಳತೆಯ ಪೈಪಿನಲ್ಲಿ ಬರಬೇಕು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ.

ಆ ಒಂದು ಸಾಲು ಇಲ್ಲದಿದ್ದುದರಿಂದ ಆದ ಅನಾಹುತವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಮ್ಮಲ್ಲಿ ಕುಡಿಯುವ ನೀರಿನ ಆರ್‌ಒ ಯಂತ್ರಗಳಿಗೆ ಹಾಕುವ ಬಿಳಿ ಪೈಪು ಕಾಲು ಇಂಚಿನದು, ಎಂದರೆ 6.35 ಮಿಲಿಮೀಟರ್. ಕಾರ್ಖಾನೆಗಳಲ್ಲಿ ಗಾಳಿ ಒಯ್ಯಲು ಬಳಸುವ ಪಿಯು (ಪಾಲಿಯುರಿಥೇನ್) ಪೈಪು ಸರಿಯಾಗಿ 6 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಪೆಟ್ಟಿಗೆಯಲ್ಲಿ ಬಂದ ಪೈಪು 6 ಮಿಲಿಮೀಟರಿನದು, ರಿಯಾಕ್ಟರಿಗೆ ಕೂಡಿಸಿದ್ದ, ಪೈಪನ್ನು ತಳ್ಳಿದರೆ ಹಿಡಿದುಕೊಳ್ಳುವ ಪುಶ್ ಫಿಟ್ ಜೋಡಣೆ ಕಾಲು ಇಂಚಿನದು. ಪೈಪು ಒಳಗೆ ಹೋಗುತ್ತದೆ, ಹಿಡಿದಂತೆಯೂ ಅನ್ನಿಸುತ್ತದೆ, ಆದರೆ ಒಳಗಿನ ರಬ್ಬರಿನ ಉಂಗುರ ಅದನ್ನು ಸುತ್ತಲೂ ಒತ್ತಿ ಹಿಡಿಯುವುದಿಲ್ಲ. ಕೆಲಸಕ್ಕೆ ಬಂದಿದ್ದ ಪ್ಲಂಬರು ಸುತ್ತ ಕಣ್ಣಾಡಿಸಿ, “ಸರ, ಇದರಾಗೇನ ಐತ್ರಿ, ಎರಡು ಮಿನಿಟಿನ ಕೆಲಸ” ಎಂದು ಗರಗಸದ ಬ್ಲೇಡಿನಿಂದ ಪೈಪು ಕತ್ತರಿಸಿ ತುರುಕಿದರು. ಕತ್ತರಿಸಿದ ತುದಿ ಓರೆಯಾಗಿತ್ತು. ಮೊದಲ ದಿನ ಒಂದು ಹನಿಯೂ ಸೋರಲಿಲ್ಲ. ನಾಲ್ಕನೆಯ ದಿನ ಜೋಡಣೆಯ ಕೆಳಗೆ ಬಿಳಿಯ ಉಪ್ಪಿನ ಗೆರೆ ಮೂಡಿತ್ತು, ಏಳನೆಯ ದಿನ ಸ್ಟ್ಯಾಂಡಿನ ಪ್ಲೈವುಡ್ ಉಬ್ಬಿತ್ತು. ಕೆಳಗಿದ್ದ ಎಕ್ಸ್‌ಟೆನ್ಶನ್ ಬೋರ್ಡಿಗೆ ಆ ನೀರು ತಲುಪುವ ಮೊದಲು ನೋಡಿದ್ದು ನಮ್ಮ ಪುಣ್ಯ. ಅಂದಿನಿಂದ ಬೋರ್ಡನ್ನು ಗೋಡೆಯ ಮೇಲಕ್ಕೆ ಏರಿಸಿದ್ದೇನೆ; ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರುವಂತೆ ಕಟ್ಟಿದ್ದೇನೆ, ಇದರಿಂದ ವೈರಿನ ಮೇಲೆ ಹರಿದು ಬಂದ ನೀರು ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಅದೇ ಪ್ಲಂಬರು ಸಂಪಿನ ಪಂಪಿನಿಂದ ಕವಲು ತೆಗೆಯಲು ಪಿತ್ತಳೆಯ ಬಾಲ್ ವಾಲ್ವ್ ತಂದಿದ್ದರು, ಜೊತೆಗೆ ಸೆಣಬಿನ ನೂಲು ಮತ್ತು ಸಫೇದದ ಡಬ್ಬಿ. ಮನೆಯ ನಳಕ್ಕೆ ಅವು ಸೊಗಸಾದ ಸಾಮಾನುಗಳು. ಉಪ್ಪುನೀರಿನಲ್ಲಿ ಪಿತ್ತಳೆ ತುಕ್ಕು ಹಿಡಿದು ಅದರ ತಾಮ್ರ ನೀರಿಗೆ ಇಳಿಯುತ್ತದೆ, ತಾಮ್ರ ಹವಳಕ್ಕೂ ಸೀಗಡಿಗೂ ಬಸವನಹುಳುವಿಗೂ ವಿಷ. ಆದ್ದರಿಂದ ಎಲ್ಲ ಕಡೆ ಪ್ಲಾಸ್ಟಿಕ್ ಜೋಡಣೆ, ತಿರುಪುಗಳಿಗೆ ಟೆಫ್ಲಾನ್ ಟೇಪು ಮಾತ್ರ ಎಂದು ಪಟ್ಟು ಹಿಡಿಯಬೇಕಾಯಿತು. ಅವರ ತಪ್ಪೇನೂ ಇರಲಿಲ್ಲ, ಹೇಳಬೇಕಾದವರು ಹೇಳಿರಲಿಲ್ಲ.

ಪೈಪಿನ ಅಳತೆ ಸರಿಯಾದ ಮೇಲೆ ಎದುರಾದದ್ದು ಹರಿವಿನ ಪ್ರಶ್ನೆ, ರಿಯಾಕ್ಟರಿನ ಜೀವಾಳ ಇರುವುದು ಇಲ್ಲಿಯೇ. ಸಾಮಾನ್ಯ ಪದ್ಧತಿಯಂತೆ ಸಂಪಿನ ಪಂಪಿನಿಂದ ಕವಲು ತೆಗೆದು, ರಿಯಾಕ್ಟರಿನ ಹೊರದಾರಿಯಲ್ಲಿ ಸಣ್ಣ ವಾಲ್ವ್ ಇಟ್ಟು, ಹನಿಗಳ ವೇಗವನ್ನು ಅದರಿಂದ ಹಿಡಿತದಲ್ಲಿಡಬೇಕು. ನಾನೂ ಹಾಗೆಯೇ ಮಾಡಿದೆ. ಬೆಳಗ್ಗೆ ನಿಮಿಷಕ್ಕೆ 10 ಮಿಲಿಲೀಟರ್ ಇಟ್ಟರೆ ಮರುದಿನ ಸಂಜೆಗೆ 6, ಮೂರನೆಯ ದಿನ ಹನಿಯೇ ಇಲ್ಲ. ಹೊರಬರುವ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿರುವುದರಿಂದ ವಾಲ್ವಿನ ಸೂಕ್ಷ್ಮ ಬಾಯಿಯಲ್ಲಿ ಸುಣ್ಣ ಕಟ್ಟುತ್ತದೆ, ಅದರ ಮೇಲೆ ಲೋಳೆಯೂ ಬೆಳೆಯುತ್ತದೆ. ಹರಿವು ಕಡಿಮೆಯಾದಾಗ ಗ್ಯಾಸು ಮಾತ್ರ ಮೊದಲಿನಂತೆಯೇ ಬರುತ್ತಿದ್ದರೆ ಒಳಗಿನ ಪಿಎಚ್ 6.5ಕ್ಕಿಂತ ಕೆಳಗಿಳಿದು ಹರಳುಗಳೆಲ್ಲ ಗಂಜಿಯಂತಾಗುವ ಅಪಾಯವಿದೆ. ಒಂದು ರಾತ್ರಿ ನನ್ನಲ್ಲಿ ಹಾಗೆಯೇ ಆಗಿ, ಬೆಳಗ್ಗೆ ಎದ್ದು ನೋಡಿದರೆ ಕೊಳವೆಯ ತಳದಲ್ಲಿ ಮೂರು ಬೆರಳು ದಪ್ಪದ ಕೆಸರು ನಿಂತಿತ್ತು.

ಪರಿಹಾರವಾಗಿ ಬಂದದ್ದು ಪೆರಿಸ್ಟಾಲ್ಟಿಕ್ ಪಂಪು. ರೋಲರುಗಳು ಮೆತ್ತನೆಯ ಕೊಳವೆಯನ್ನು ಒತ್ತುತ್ತಾ ಸಾಗಿದಂತೆ ನೀರು ಮುಂದೆ ಸರಿಯುತ್ತದೆ. ಕಿರಿದಾದ ವಾಲ್ವ್ ಎಲ್ಲಿಯೂ ಇಲ್ಲದ್ದರಿಂದ ಕಟ್ಟಿಕೊಳ್ಳುವ ಮಾತೂ ಇಲ್ಲ. ಕೇಮೋರ್ ಕಂಪನಿಯ, ನಿರಂತರವಾಗಿ ಓಡಲೆಂದೇ ಮಾಡಿದ ಸ್ಟೆಪ್ಪರ್ ಮೋಟಾರಿನ ಪಂಪನ್ನು ತರಿಸಿದೆ. ಇದು ಅಗ್ಗದ್ದಲ್ಲ, ಆದರೆ ಇಡೀ ವ್ಯವಸ್ಥೆಯಲ್ಲಿ ನಾನು ಎರಡನೆಯ ಸಲ ಯೋಚಿಸದೆ ಶಿಫಾರಸು ಮಾಡುವ ಏಕೈಕ ವಸ್ತು ಇದೇ. ಪಂಪನ್ನು ರಿಯಾಕ್ಟರಿನ ಒಳದಾರಿಯಲ್ಲಿ ಇಡಬೇಕೋ ಹೊರದಾರಿಯಲ್ಲಿ ಇಡಬೇಕೋ ಎಂಬುದರಲ್ಲಿ ಎರಡು ಪಂಥಗಳಿವೆ. ಹೊರದಾರಿಯಲ್ಲಿಟ್ಟು ಎಳೆದರೆ ಒಳಗೆ ಒತ್ತಡ ಏರುವುದಿಲ್ಲ, ನೆಲ ಒದ್ದೆಯಾಗುವ ಭಯ ಕಡಿಮೆ. ಆದರೆ ಜೋಡಣೆಯಲ್ಲಿ ಬಿರುಕಿದ್ದರೆ ಅದು ಗಾಳಿಯನ್ನು ಎಳೆದುಕೊಳ್ಳುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಒಳದಾರಿಯಲ್ಲಿಟ್ಟು ತಳ್ಳಿದರೆ ಸೋರಿಕೆ ಕಣ್ಣಿಗೆ ಬೀಳುತ್ತದೆ, ಆದರೆ ಹೊರದಾರಿ ಕಟ್ಟಿಕೊಂಡರೆ ಒತ್ತಡ ಏರುತ್ತಲೇ ಹೋಗುತ್ತದೆ. ಕಾಣದ ದೋಷಕ್ಕಿಂತ ಕಾಣುವ ದೋಷ ವಾಸಿ ಎಂದು ನಾನು ಒಳದಾರಿಯನ್ನು ಆರಿಸಿಕೊಂಡೆ. ಹೊರದಾರಿಯ ಪೈಪನ್ನು ಗಿಡ್ಡವಾಗಿ, ವಾಲ್ವ್ ಇಲ್ಲದೆ, ಬಾಯಿ ತೆರೆದು ಬಿಟ್ಟಿದ್ದೇನೆ. ಅದರ ತುದಿ ಸಂಪಿನ ನೀರಿನಲ್ಲಿ ಮುಳುಗದೆ, ಗಾಳಿಗುಳ್ಳೆಗಳಿಂದ ನೀರಿನ ಕಲ್ಮಶ ತೆಗೆಯುವ ಸ್ಕಿಮ್ಮರಿನ ಪಕ್ಕದಲ್ಲಿ ಮೇಲಿನಿಂದ ತೊಟ್ಟಿಕ್ಕುತ್ತದೆ. ಹನಿ ಕಣ್ಣಿಗೆ ಕಾಣುತ್ತದೆ, ಉಳಿದ ಗ್ಯಾಸಿನಲ್ಲಿ ಸ್ವಲ್ಪವಾದರೂ ಗಾಳಿಗೆ ಹಾರುತ್ತದೆ.

ಎಷ್ಟು ಹರಿವು ಬೇಕೆಂಬುದಕ್ಕೆ ಊಹೆ ಬೇಡ, ಲೆಕ್ಕವಿದೆ. ರಿಯಾಕ್ಟರಿನಿಂದ ಬರುವ ನೀರಿನ ಕ್ಷಾರತೆ 28 ಡಿಕೆಎಚ್, ತೊಟ್ಟಿಯದು 8; ಪ್ರತಿ ಲೀಟರೂ 20 ಹೆಚ್ಚಾಗಿ ತರುತ್ತದೆ. 300 ಲೀಟರಿಗೆ ದಿನಕ್ಕೆ 1 ಬೇಕೆಂದರೆ 300ನ್ನು 20ರಿಂದ ಭಾಗಿಸಿ 15 ಲೀಟರ್, ಅಂದರೆ ನಿಮಿಷಕ್ಕೆ 10.4 ಮಿಲಿಲೀಟರ್. ಅಳತೆಯ ಲೋಟ ಮತ್ತು ಗಡಿಯಾರ ಹಿಡಿದು ವಾರಕ್ಕೊಮ್ಮೆ ಇದನ್ನು ಪರೀಕ್ಷಿಸುತ್ತೇನೆ. ಹವಳ ಬೆಳೆದು ಬೇಡಿಕೆ ಹೆಚ್ಚಿದಾಗ ಗ್ಯಾಸನ್ನು ಮುಟ್ಟದೆ ಪಂಪಿನ ವೇಗವನ್ನಷ್ಟೇ ಏರಿಸುತ್ತೇನೆ. ಎರಡನ್ನೂ ಒಟ್ಟಿಗೆ ತಿರುಗಿಸಿದವರಿಗೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ.

ಗ್ಯಾಸಿನ ವಿಷಯದಲ್ಲಿ ಬೆಳಗಾವಿಯವರು ಅದೃಷ್ಟವಂತರು. ಇದು ಎರಕದ ಕಾರ್ಖಾನೆಗಳ ಊರು. ಸೋಡಿಯಂ ಸಿಲಿಕೇಟ್ ಬೆರೆಸಿದ ಮರಳಿನ ಅಚ್ಚನ್ನು ಗಟ್ಟಿಗೊಳಿಸಲು ಫೌಂಡ್ರಿಗಳಲ್ಲಿ ಇಂಗಾಲದ ಡೈಆಕ್ಸೈಡನ್ನೇ ಹಾಯಿಸುತ್ತಾರೆ. ಹಾಗಾಗಿ ಉದ್ಯಮಬಾಗದ ಕಡೆ ಸಿಲಿಂಡರ್ ತುಂಬಿಸಿಕೊಳ್ಳುವುದು ಕಷ್ಟವಾಗಲಿಲ್ಲ. ತೊಂದರೆ ಬಂದದ್ದು ತಿರುಪಿನಲ್ಲಿ: ಅಕ್ವೇರಿಯಂಗೆಂದು ಹೊರದೇಶದಿಂದ ಬರುವ ರೆಗ್ಯುಲೇಟರಿನ ತಿರುಪು ಇಲ್ಲಿಯ ಸಿಲಿಂಡರಿನ ಬಾಯಿಗೆ ಕೂಡಲಿಲ್ಲ, ಮಧ್ಯೆ ಅಡಾಪ್ಟರ್ ಹಾಕಬೇಕಾಯಿತು. ರೆಗ್ಯುಲೇಟರನ್ನು ಕೈಯಲ್ಲಿ ಹಿಡಿದುಕೊಂಡೇ ಗ್ಯಾಸಿನ ಅಂಗಡಿಗೆ ಹೋಗುವುದು ಉತ್ತಮ. ಒಳಗಿರುವುದು ದ್ರವವಾದ್ದರಿಂದ ಸಿಲಿಂಡರನ್ನು ಸದಾ ನೇರವಾಗಿ ನಿಲ್ಲಿಸಿ ಸರಪಳಿಯಿಂದ ಗೋಡೆಗೆ ಬಿಗಿಯಬೇಕು. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಗೇಜು ನೋಡಿ ಎಷ್ಟು ಉಳಿದಿದೆ ಎಂದು ತಿಳಿಯಲು ಹೋಗಬಾರದು. ದ್ರವ ಇರುವವರೆಗೂ ಮುಳ್ಳು ತೋರಿಸುವುದು ಕೋಣೆಯ ಉಷ್ಣತೆಯನ್ನೇ: 20 ಡಿಗ್ರಿಯಲ್ಲಿ ಸುಮಾರು 57 ಬಾರ್, 30 ಡಿಗ್ರಿಯಲ್ಲಿ 72. ಈ ಏಪ್ರಿಲ್‌ನ ಮಧ್ಯಾಹ್ನಗಳಲ್ಲಿ ಮುಳ್ಳು ಮೇಲೇರಿದ್ದನ್ನು ಕಂಡು ಮನೆಯವರು ಗಾಬರಿಯಾಗಿದ್ದರು. ಅಡುಗೆ ಗ್ಯಾಸಿನಂತೆಯೇ ಇದನ್ನೂ ತೂಗಿಯೇ ತಿಳಿಯಬೇಕು.

ನನ್ನ ತೂಕದ ಲೆಕ್ಕ ಹೀಗಿದೆ: ದಿನಕ್ಕೆ ಕರಗುವ ಹರಳು 5.4 ಗ್ರಾಂ, ಅದಕ್ಕೆ ಕನಿಷ್ಠ ಬೇಕಾದ ಗ್ಯಾಸು 2.4 ಗ್ರಾಂ, ಕರಗಿದ ನೀರಿನೊಡನೆ ಹಾಗೆಯೇ ಹೊರಹೋಗುವುದು ಇನ್ನೊಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಹತ್ತು ತಿಂಗಳಲ್ಲಿ 1.5 ಕಿಲೋ ಖಾಲಿಯಾಗಿದೆ, ಅದರಲ್ಲಿ 400 ಗ್ರಾಂ ಮೊದಲ ತಿಂಗಳ ದಂಡ. ಗ್ಯಾಸಿಗೆ ನಾನು ಸಿಲಿಕೋನ್ ಕೊಳವೆ ಹಾಕಿದ್ದೆ. ಸಿಲಿಕೋನಿನ ಗೋಡೆಯ ಮೂಲಕವೇ ಇಂಗಾಲದ ಡೈಆಕ್ಸೈಡ್ ಜಿನುಗಿ ಹೋಗುತ್ತದೆ. ಪಿಯು ಪೈಪಿಗೆ ಬದಲಾಯಿಸಿ, ಪ್ರತಿ ಜೋಡಣೆಗೂ ಸಾಬೂನಿನ ನೊರೆ ಬಳಿದು ಗುಳ್ಳೆ ಏಳುವುದೇ ಎಂದು ನೋಡಿದ ಮೇಲೆ ಈ ನಷ್ಟ ನಿಂತಿತು. ಗುಳ್ಳೆ ಎಣಿಸುವ ಪುಟ್ಟ ಗಾಜಿನಲ್ಲಿ ನೀರಿಟ್ಟರೆ ಒಣ ಗ್ಯಾಸಿಗೆ ಅದು ಆವಿಯಾಗಿ ಹೋಗುತ್ತದೆ, ಔಷಧದಂಗಡಿಯ ಗ್ಲಿಸರಿನ್ ಹಾಕಿದರೆ ಉಳಿಯುತ್ತದೆ. ಗ್ಯಾಸಿನ ದಾರಿಯಲ್ಲಿ ನಾನ್ ರಿಟರ್ನ್ ವಾಲ್ವ್ ಇಲ್ಲದಿದ್ದರೆ ಉಪ್ಪುನೀರು ಹಿಂದಕ್ಕೆ ನುಗ್ಗಿ ರೆಗ್ಯುಲೇಟರನ್ನೇ ಹಾಳುಮಾಡುತ್ತದೆ. ಕರೆಂಟಿನಿಂದ ತೆರೆದುಕೊಳ್ಳುವ ಸೊಲೆನಾಯ್ಡ್ ವಾಲ್ವನ್ನು ಪಿಎಚ್ ಕಂಟ್ರೋಲರಿಗೆ ಜೋಡಿಸಿ 6.6ಕ್ಕೆ ಇಟ್ಟಿದ್ದೇನೆ, ಕರೆಂಟು ಹೋದಾಗ ಅದು ತಾನಾಗಿ ಮುಚ್ಚಿಕೊಳ್ಳುವುದರಿಂದ ಚಿಂತೆಯಿಲ್ಲ. ಪ್ರೋಬನ್ನು ಪಿಎಚ್ 4 ಮತ್ತು 7ರ ದ್ರಾವಣಗಳಲ್ಲಿ ಹೊಂದಿಸಬೇಕು, ಏಕೆಂದರೆ 6.6 ಅವೆರಡರ ನಡುವೆ ಬರುತ್ತದೆ. ತೊಟ್ಟಿಯ ಪಿಎಚ್‌ಗೆ ಬಳಸುವ 7 ಮತ್ತು 10 ಇಲ್ಲಿ ಸಲ್ಲವು.

ಹರಳುಗಳಿಗೆ ಕೆರಿಬ್‌ಸೀ ಕಂಪನಿಯ ಎಆರ್‌ಎಂ ಅರಗೊನೈಟ್ ಬಳಸಿದ್ದೇನೆ. ಬಾಗಲಕೋಟೆಯ ಗೆಳೆಯರೊಬ್ಬರು, ಲೋಕಾಪುರದ ಕಡೆ ಸುಣ್ಣದ ಕಲ್ಲು ಬೇಕಾದಷ್ಟಿರುವಾಗ ಹೊರದೇಶದ ಹರಳಿಗೆ ದುಡ್ಡು ಸುರಿಯುವುದೇಕೆ ಎಂದು ನನ್ನನ್ನು ಹಂಗಿಸಿದರು. ಸಿಮೆಂಟಿಗೆ ಒದಗುವ ಆ ಕಲ್ಲು ಬಹುಮಟ್ಟಿಗೆ ಕ್ಯಾಲ್ಸೈಟ್, ಅದೇ ಕ್ಯಾಲ್ಸಿಯಂ ಕಾರ್ಬೊನೇಟಿನ ಇನ್ನೊಂದು ರೂಪ. ಅರಗೊನೈಟಿನಷ್ಟು ಸುಲಭವಾಗಿ ಕರಗುವುದಿಲ್ಲ, ಜೊತೆಗೆ ಸಿಲಿಕಾ, ಕಬ್ಬಿಣಗಳ ಬೆರಕೆ. ಕಡಲತೀರದಲ್ಲಿ ಸತ್ತ ಹವಳ ಆಯ್ದು ತರುವ ಯೋಚನೆಯನ್ನಂತೂ ಯಾರೂ ಮಾಡಬಾರದು: ನಮ್ಮ ಕಡಲಿನ ಕಲ್ಲುಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹರಳನ್ನು ಆರ್‌ಒ ನೀರಿನಲ್ಲಿ ಧೂಳು ಹೋಗುವವರೆಗೆ ತೊಳೆದು ತುಂಬಬೇಕು, ಮೊದಲ ದಿನದ ನೀರನ್ನು ಸಂಪಿಗೆ ಬಿಡದೆ ಚೆಲ್ಲಬೇಕು.

ಫಲಿತಾಂಶದ ವಿಷಯದಲ್ಲಿ ದೂರಿಲ್ಲ. ಮೊದಲು ಒಂದೇ ದಿನದಲ್ಲಿ 7.4ರಿಂದ 8.4ರವರೆಗೆ ತೂಗಾಡುತ್ತಿದ್ದ ಕ್ಷಾರತೆ ಈಗ 8.0 ಮತ್ತು 8.3ರ ನಡುವೆ ನಿಂತಿದೆ, ಕ್ಯಾಲ್ಸಿಯಂ 420ರ ಆಸುಪಾಸಿನಲ್ಲಿದೆ. ಮ್ಯಾಗ್ನೀಸಿಯಂ ಮಾತ್ರ ಹರಳಿನಿಂದ ಸಾಕಷ್ಟು ಬರುವುದಿಲ್ಲ, ತಿಂಗಳಿಗೊಮ್ಮೆ ಕೈಯಿಂದಲೇ ಸೇರಿಸುತ್ತೇನೆ. ಒಂದನ್ನು ನೆನಪಿಡಬೇಕು: ರಿಯಾಕ್ಟರ್ ಇರುವುದನ್ನು ಕಾಪಾಡುತ್ತದೆಯೇ ಹೊರತು ಕೆಟ್ಟಿದ್ದನ್ನು ಸರಿಪಡಿಸುವುದಿಲ್ಲ. ಅಂಕಿಗಳನ್ನು ಮೊದಲು ಕೈಯಿಂದ ಸರಿಗೆ ತಂದು ಆಮೇಲೆ ಯಂತ್ರವನ್ನು ಚಾಲೂ ಮಾಡಬೇಕು.

ಅನಪೇಕ್ಷಿತ ಪರಿಣಾಮ ಕಂಡದ್ದು ಮಳೆಗಾಲದಲ್ಲಿ. ಜುಲೈನಲ್ಲಿ ಬೆಳಗಾವಿಯ ಮಳೆ ಹಿಡಿದರೆ ವಾರಗಟ್ಟಲೆ ಕಿಟಕಿ ತೆಗೆಯುವಂತಿಲ್ಲ. ಮುಚ್ಚಿದ ಮನೆಯಲ್ಲಿ ಜನರ ಉಸಿರಿನ ಇಂಗಾಲದ ಡೈಆಕ್ಸೈಡ್, ಅದರ ಮೇಲೆ ರಿಯಾಕ್ಟರಿನದು, ಎರಡೂ ಸೇರಿ ತೊಟ್ಟಿಯ ಪಿಎಚ್ ಬೆಳಗಿನ ಹೊತ್ತು 7.7ಕ್ಕೆ ಇಳಿಯಿತು. ಸ್ಕಿಮ್ಮರಿನ ಗಾಳಿಯ ಕೊಳವೆಯನ್ನು ಕಿಟಕಿಯ ಚೌಕಟ್ಟಿನಲ್ಲಿ ರಂಧ್ರ ಕೊರೆದು ಹೊರಗೆ ಬಿಟ್ಟ ಮೇಲೆ 7.9ಕ್ಕೆ ಬಂತು. ಹೊರಬರುವ ನೀರು ಇನ್ನೊಂದು ಹರಳಿನ ಕೊಳವೆಯ ಮೂಲಕ ಹಾಯುವ ಎರಡು ಕೋಣೆಗಳ ಮಾದರಿಯನ್ನು ಕೊಂಡಿದ್ದರೆ ಇಷ್ಟು ತೊಂದರೆ ಆಗುತ್ತಿರಲಿಲ್ಲ. ಕೆಲವು ಸಾವಿರ ಉಳಿಸಲು ಹೋದ ನನ್ನದೇ ತಪ್ಪು.

ಮೃದು ಹವಳಗಳಷ್ಟೇ ಇರುವ, ಅಥವಾ 100 ಲೀಟರಿಗಿಂತ ಚಿಕ್ಕ ತೊಟ್ಟಿಯವರಿಗೆ ಇದು ಬೇಡ. ಅವರಿಗೆ ಸೋಡಾ ಮತ್ತು ಕ್ಲೋರೈಡಿನ ದ್ರಾವಣವೇ ಸಾಕು. ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಹೆಚ್ಚು ಖರ್ಚಾಗುವ ದೊಡ್ಡ ತೊಟ್ಟಿ ಇಟ್ಟವರು ಕೊಳ್ಳಬಹುದು, ಆದರೆ ಪೆರಿಸ್ಟಾಲ್ಟಿಕ್ ಪಂಪಿನ ಬೆಲೆಯನ್ನು ರಿಯಾಕ್ಟರಿನ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಲಿ. ಕೊಂಡ ಮೇಲೆ ಸಂಪಿಗೆ ಜೋಡಿಸುವ ಮೊದಲು ಬಕೆಟ್ಟಿನ ಸಿಹಿನೀರಿನಲ್ಲಿ, ಕೆಳಗೆ ಹಳೆಯ ಪೇಪರ್ ಹಾಸಿ, ಒಂದು ಹಗಲು ಒಂದು ರಾತ್ರಿ ಓಡಿಸಲಿ. ಪೈಪನ್ನು ಚೂಪಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಲಿ.

ಮಾರಾಟದ ನಂತರದ ಸೇವೆಗೆ ನಾನು ಅಂಕ ಕೊಡಲಾರೆ. ಎಂಟನೆಯ ತಿಂಗಳಲ್ಲಿ ಮುಚ್ಚಳದ ಓ ರಿಂಗ್ ಸಡಿಲಾದಾಗ ಮಾರಿದವರಿಗೆ ಮೂರು ಸಲ ಬರೆದೆ. ಬಂದದ್ದು ಬೇರೆ ಅಳತೆಯ ಉಂಗುರ. ಕೊನೆಗೆ ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡು ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸೀಲುಗಳನ್ನು ಮಾರುವ ಅಂಗಡಿಗೆ ಹೋದೆ. ಅಂಗಡಿಯವರು ಅದನ್ನು ಬೆರಳಿಗೆ ಸುತ್ತಿ ನೋಡಿ, ಒಳಗಿನ ಡಬ್ಬಿಯಿಂದ ಅಂಥದ್ದೇ ಎರಡನ್ನು ತೆಗೆದುಕೊಟ್ಟರು. ಒಂದು ಮುಚ್ಚಳದಲ್ಲಿದೆ, ಇನ್ನೊಂದು ಪಂಪಿನ ಬದಲಿ ಕೊಳವೆಯೊಂದಿಗೆ ಸ್ಟ್ಯಾಂಡಿನ ಖಾನೆಯಲ್ಲಿದೆ.